ಎಸೆಯುವ ತೋಳು ಕಳೆದುಕೊಳ್ಳುವ ತಿರುವು

ಬೇಸ್‌ಬಾಲ್ ಪಿಚರ್ ಚೆಂಡನ್ನು ಎಸೆಯುವಾಗ ಅವನ ತೋಳು ಭುಜದ ಕೀಲಿನಲ್ಲಿ ಒಳಮುಖವಾಗಿ ತಿರುಗುವ ವೇಗ ಸೆಕೆಂಡಿಗೆ ಸುಮಾರು 7,000 ಡಿಗ್ರಿಯಷ್ಟಿರುತ್ತದೆ. ಮನುಷ್ಯದೇಹದ ಅತಿವೇಗದ ಚಲನೆಗಳಲ್ಲಿ ಒಂದಾದ ಇದನ್ನು ಚೆಂಡು ಕೈಬಿಟ್ಟೊಡನೆ ತಡೆದು ನಿಲ್ಲಿಸುವ ಹೊಣೆ ಭುಜದ ಹಿಂಬದಿಯ ಸ್ನಾಯುಗಳ ಮೇಲೂ, ಕೀಲನ್ನು ಚೀಲದಂತೆ ಸುತ್ತುವರಿದಿರುವ ಕೀಲುಪೊರೆಯ ಮೇಲೂ ಬೀಳುತ್ತದೆ. ವರ್ಷಗಟ್ಟಲೆ ಈ ಸೆಳೆತವನ್ನು ತಾಳಿದ ಹಿಂಬದಿ ಬಿಗಿಯಾಗುತ್ತ ಹೋದಂತೆ, ಎಸೆಯುವ ತೋಳು ಮತ್ತೊಂದು ತೋಳಿನಷ್ಟು ಒಳಕ್ಕೆ ತಿರುಗಲಾರದಾಗುತ್ತದೆ. ಟೆನಿಸ್ ಸರ್ವ್ ಮಾಡುವವರಲ್ಲಿಯೂ ಇದೇ ಕೊರತೆ ಕಾಣುತ್ತದೆ.

ಆದರೆ ಬಿಗಿತವೊಂದೇ ಕಾರಣವಲ್ಲ. ಹುಟ್ಟುವಾಗ ಹಿಮ್ಮುಖವಾಗಿ ಹೆಚ್ಚು ತಿರುಚಿಕೊಂಡಿರುವ ತೋಳಿನ ಮೂಳೆ ಬೆಳವಣಿಗೆಯೊಂದಿಗೆ ಆ ತಿರುಚನ್ನು ಕ್ರಮೇಣ ಕಳೆದುಕೊಳ್ಳುತ್ತದೆ. ಬಾಲ್ಯದಿಂದಲೇ ಎಸೆತದಲ್ಲಿ ತೊಡಗಿದವರಲ್ಲಿ ಈ ಬಿಚ್ಚಿಕೊಳ್ಳುವಿಕೆ ಅರ್ಧಕ್ಕೇ ನಿಲ್ಲುವುದರಿಂದ, ಆ ತೋಳು ಹೊರಕ್ಕೆ ಹೆಚ್ಚು, ಒಳಕ್ಕೆ ಕಡಿಮೆ ತಿರುಗುತ್ತದೆ. ಇದು ರೋಗವಲ್ಲ, ಆಟಕ್ಕೆ ಮೂಳೆ ಒಗ್ಗಿಕೊಂಡ ಬಗೆ. ಹೊರಮುಖ ತಿರುವು ಹೆಚ್ಚಿದಷ್ಟೂ ಎಸೆತಕ್ಕೆ ಅನುಕೂಲವೇ.

ಹೀಗಾಗಿ ಒಳತಿರುವನ್ನು ಮಾತ್ರ ಅಳೆದು ತೀರ್ಪು ಕೊಡುವುದು ದುಡುಕು. ಆಟಗಾರನನ್ನು ಅಂಗಾತ ಮಲಗಿಸಿ, ತೋಳನ್ನು ಪಕ್ಕಕ್ಕೆ 90 ಡಿಗ್ರಿ ಚಾಚಿ, ಮೊಣಕೈ ಮಡಚಿ, ಹೆಗಲಚಿಪ್ಪು ಅಲುಗದಂತೆ ಒತ್ತಿಹಿಡಿದು ಒಳ ಹಾಗೂ ಹೊರ ತಿರುವುಗಳೆರಡನ್ನೂ ಅಳೆಯಬೇಕು. ಎರಡನ್ನೂ ಕೂಡಿದಾಗ ಬರುವ ಒಟ್ಟು ತಿರುವು ಎರಡೂ ತೋಳುಗಳಲ್ಲಿ ಸರಿಸಮವಾಗಿದ್ದರೆ, ಒಳಕ್ಕೆ ಕಳೆದದ್ದು ಹೊರಕ್ಕೆ ಸೇರಿದೆ ಎಂದು ತಿಳಿಯಬಹುದು. ಒಟ್ಟು ಮೊತ್ತವೇ 5 ಡಿಗ್ರಿಗಿಂತ ಹೆಚ್ಚು ಕುಗ್ಗಿದ್ದರೆ ಮಾತ್ರ ಅನುಮಾನಕ್ಕೆ ಎಡೆಯಿದೆ. ಅಮೆರಿಕದ ವೈದ್ಯರಾದ ಬರ್ಕಾರ್ಟ್, ಮಾರ್ಗನ್, ಕಿಬ್ಲರ್ 2003ರಲ್ಲಿ ಮಂಡಿಸಿದ ವಾದದಂತೆ, ಬಿಗಿದ ಹಿಂಪೊರೆಯು ತೋಳಮೂಳೆಯ ಗುಂಡುತಲೆಯನ್ನು ಹಿಂದಕ್ಕೂ ಮೇಲಕ್ಕೂ ಸರಿಸುತ್ತದೆ. ಇದರಿಂದ ಕೀಲುಗುಳಿಯ ಅಂಚಿನ ಮೆದುಮೂಳೆಯುಂಗುರದ ಮೇಲ್ಭಾಗ ಹರಿಯುವ ಅಪಾಯವಿದೆ. ಈ ವಾದದ ಎಲ್ಲ ಅಂಶಗಳನ್ನೂ ಎಲ್ಲರೂ ಒಪ್ಪಿಲ್ಲ.

ಚಿಕಿತ್ಸೆಯೂ ಈ ವಿವೇಚನೆಯನ್ನೇ ಅನುಸರಿಸಬೇಕು. ಎಸೆಯುವ ತೋಳನ್ನು ಎದೆಗೆ ಅಡ್ಡಲಾಗಿ ಎಳೆಯುವ, ಅಥವಾ ಅದೇ ಮಗ್ಗುಲಲ್ಲಿ ಮಲಗಿ ಮುಂದೋಳನ್ನು ನೆಲದತ್ತ ಮೆಲ್ಲನೆ ಒತ್ತುವ ವ್ಯಾಯಾಮಗಳು ಸ್ನಾಯು, ಪೊರೆಗಳ ಬಿಗಿತವನ್ನು ಸಡಿಲಿಸಬಲ್ಲವೇ ಹೊರತು ಮೂಳೆಯ ತಿರುಚನ್ನಲ್ಲ. ಅಳತೆಯ ಹೊತ್ತೂ ಮುಖ್ಯವೇ: ಎಸೆತದ ಬೆನ್ನಿಗೇ ಒಳತಿರುವು ಹಲವು ಡಿಗ್ರಿ ಕುಸಿದು ಮರುದಿನದವರೆಗೂ ಹಾಗೆಯೇ ಉಳಿಯಬಹುದಾದ್ದರಿಂದ, ಪಂದ್ಯ ಮುಗಿದೊಡನೆ ತೆಗೆದ ಅಂಕಿಯು ವರ್ಷಗಳ ಬದಲಾವಣೆಯನ್ನಲ್ಲ, ಅಂದಿನ ದಣಿವನ್ನು ತೋರಿಸುತ್ತಿರಬಹುದು.