ಡಿಪಿಐ ಕೇಳುವ ಮುಂಚೆ ಕೈ ಅಳೆಯಿರಿ

ಮೌಸನ್ನು ಒಮ್ಮೆ ಅಂಗಾತ ಮಲಗಿಸಿ ನೋಡಿ. ಹೊಟ್ಟೆಯ ಹತ್ತಿರ ಸಣ್ಣದೊಂದು ಕಿಂಡಿ, ಒಳಗೆ ಕೆಂಪು ದೀಪ. ಕೆಲವು ಮೌಸ್‌ಗಳಲ್ಲಿ ಬೆಳಕೇ ಕಾಣುವುದಿಲ್ಲ. ಅಲ್ಲಿರುವುದು ನಮ್ಮ ಕಣ್ಣಿಗೆ ಬೀಳದ ಅವಗೆಂಪು ದೀಪ. ದೀಪದ ಕೆಲಸ ಬೆಳಕು ಕೊಡುವುದಷ್ಟೇ. ನಿಜವಾದ ಕೆಲಸಗಾರ ಪಕ್ಕದಲ್ಲಿ ಅಡಗಿ ಕೂತ ಪುಟ್ಟ ಕ್ಯಾಮೆರಾ.

ಈ ಕ್ಯಾಮೆರಾದ ಫೋಟೊ ನಮ್ಮ ಕೈಗೆ ಸಿಕ್ಕರೆ ನಗು ಬಂದೀತು. ಶುರುವಿನ ಸೆನ್ಸರ್‌ಗಳಲ್ಲಿ ಉದ್ದಕ್ಕೆ 16, ಅಗಲಕ್ಕೆ 16, ಒಟ್ಟು 256 ಚುಕ್ಕೆಗಳ ಚಿತ್ರ ಅದು. ಅದರಲ್ಲಿ ಒಂದು ಮುಖವನ್ನೂ ಗುರುತಿಸಲಾಗದು. ಆದರೆ ಅದು ನೋಡಬೇಕಾದದ್ದು ಮುಖವನ್ನಲ್ಲ, ಮೇಜಿನ ಮೈಯನ್ನು. ದೀಪದ ಬೆಳಕು ನೆಟ್ಟಗೆ ಬೀಳದೆ ಓರೆಯಾಗಿ ಬೀಳುತ್ತದೆ. ಇಳಿಹೊತ್ತಿನ ಬಿಸಿಲಲ್ಲಿ ಉತ್ತ ಹೊಲದ ಒಂದೊಂದು ಹೆಂಟೆಯೂ ನೆರಳು ಚೆಲ್ಲಿ ಎದ್ದು ಕಾಣುವ ಹಾಗೆ, ಕಾಗದದ ನಾರು, ಮರದ ಗೆರೆ, ಬಟ್ಟೆಯ ಎಳೆಗಳೆಲ್ಲ ನೆರಳು ಬೆಳಕಿನ ಗುರುತುಗಳಾಗುತ್ತವೆ. ಕ್ಯಾಮೆರಾ ಬಿಡುವಿಲ್ಲದೆ ಚಿತ್ರ ತೆಗೆಯುತ್ತಿರುತ್ತದೆ. 1999ರಲ್ಲಿ ಮೈಕ್ರೋಸಾಫ್ಟ್ ಮಾರುಕಟ್ಟೆಗೆ ತಂದ ಇಂಟೆಲಿಮೌಸ್ ಎಕ್ಸ್‌ಪ್ಲೋರರ್ ಸೆಕೆಂಡಿಗೆ 1,500 ಚಿತ್ರ ತೆಗೆಯುತ್ತಿತ್ತು. ಈಗಿನ ಗೇಮಿಂಗ್ ಮೌಸ್‌ಗಳದ್ದು ಅದರ ಎಷ್ಟೋ ಪಟ್ಟು. ಒಳಗಿನ ಚಿಪ್ ಹಿಂದಿನ ಚಿತ್ರದ ಮೇಲೆ ಈಗಿನದನ್ನು ಇಟ್ಟು, ಯಾವ ಕಡೆ ಎಷ್ಟು ಜರುಗಿಸಿದರೆ ಎರಡೂ ಹೊಂದುತ್ತವೆ ಎಂದು ಲೆಕ್ಕ ಹಾಕುತ್ತದೆ. ಆ ಉತ್ತರವೇ ತೆರೆಯ ಮೇಲಿನ ಬಾಣದ ನಡೆ.

ಗಾಜಿನ ಮೇಜಿನ ಮೇಲೆ ಮೌಸ್ ಮುಷ್ಕರ ಹೂಡುವುದೂ ಇದಕ್ಕೇ. ನುಣುಪಾದ ಪಾರದರ್ಶಕ ಗಾಜಿನಲ್ಲಿ ಹೋಲಿಸಿ ನೋಡಲು ಗುರುತೇ ಇರುವುದಿಲ್ಲ. ಕೆಳಗೊಂದು ಹಳೆಯ ದಿನಪತ್ರಿಕೆ ಹಾಸಿದರೆ ಸಾಕು, ರಗಳೆ ಮುಗಿಯಿತು.

ಇಲ್ಲಿಯವರೆಗೆ ಬರಲು ಮೌಸ್ ಸವೆಸಿದ ದಾರಿ ಸಣ್ಣದಲ್ಲ. 1964ರಲ್ಲಿ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್ ಸಂಶೋಧನಾ ಸಂಸ್ಥೆಯಲ್ಲಿ ಡಗ್ಲಸ್ ಎಂಗೆಲ್‌ಬಾರ್ಟ್ ಯೋಚಿಸಿ, ಬಿಲ್ ಇಂಗ್ಲಿಷ್ ಕಟ್ಟಿದ ಮೊದಲ ಮೌಸ್ ಒಂದು ಮರದ ಡಬ್ಬಿ. ಅಡಿಯಲ್ಲಿ ಒಂದಕ್ಕೊಂದು ಅಡ್ಡಲಾಗಿ ಕೂತ ಎರಡು ಲೋಹದ ಗಾಲಿ, ಮೇಲೆ ಒಂದೇ ಗುಂಡಿ. 1968ರ ಡಿಸೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಗೆಲ್‌ಬಾರ್ಟ್ ಮೌಸನ್ನು ಜನರ ಮುಂದೆ ಆಡಿಸಿ ತೋರಿಸಿದರು. ಆಮೇಲೆ ಗಾಲಿ ಹೋಗಿ ಉರುಳುವ ಗುಂಡು ಬಂತು. ಸೈಬರ್ ಕೆಫೆಗಳ ಕಾಲ ಕಂಡವರಿಗೆ ಆ ಗುಂಡನ್ನು ಹೊರತೆಗೆದು, ಒಳಗಿನ ರೋಲರ್‌ಗೆ ಮೆತ್ತಿದ ಕಪ್ಪು ಕೊಳೆಯನ್ನು ಉಗುರಿನಿಂದ ಕೆರೆದದ್ದು ನೆನಪಿರುತ್ತದೆ. ಕ್ಯಾಮೆರಾ ಬಂದ ಮೇಲೆ ಆ ಕಾಟ ತಪ್ಪಿತು.

ನನ್ನ ಪ್ರಕಾರ ಮೌಸಿನ ಕಣ್ಣಿನ ಸಮಸ್ಯೆ ಬಹುಮಟ್ಟಿಗೆ ಬಗೆಹರಿದು ವರ್ಷಗಳೇ ಆದವು. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಹೊಡೆದಿರುವ ಡಿಪಿಐ ಅಂಕಿ ಮಾತ್ರ ಬೆಳೆಯುತ್ತಲೇ ಇದೆ. ಅದರ ಅರ್ಥ ಇಷ್ಟೇ: ಮೌಸ್ ಒಂದು ಇಂಚು ಸರಿದಾಗ ಕಂಪ್ಯೂಟರಿಗೆ ಎಷ್ಟು ಎಣಿಕೆ ಕಳಿಸುತ್ತದೆ ಎಂಬುದು. 1,920 ಚುಕ್ಕೆ ಅಗಲದ ಮಾಮೂಲಿ ತೆರೆಯನ್ನು ಈ ತುದಿಯಿಂದ ಆ ತುದಿಗೆ ದಾಟಲು 800 ಡಿಪಿಐ ಮೌಸನ್ನು ಸುಮಾರು 6 ಸೆಂಟಿಮೀಟರ್ ಸರಿಸಬೇಕು, 1,600 ಆದರೆ 3. ಜಾಹೀರಾತಿನ 26,000 ಡಿಪಿಐನಲ್ಲಿ ಎರಡು ಮಿಲಿಮೀಟರಿಗೂ ಕಡಿಮೆ! ಬೆರಳು ಸ್ವಲ್ಪ ಅದುರಿದರೆ ಬಾಣ ಊರಾಚೆ. ಆ ಸಂಖ್ಯೆಗೆಂದು ಹೆಚ್ಚಿಗೆ ದುಡ್ಡು ಕೊಡುವುದು ದಂಡ. ಕೌಂಟರ್-ಸ್ಟ್ರೈಕ್‌ನಂಥ ಗುರಿ ಹೊಡೆಯುವ ಆಟದಲ್ಲಿ ಪಳಗಿದವರಲ್ಲಿ ಎಷ್ಟೋ ಜನ ಇಟ್ಟುಕೊಳ್ಳುವುದು 400 ಇಲ್ಲವೇ 800. ಆಟದಲ್ಲಿ ಒಂದು ಪೂರ್ತಿ ಸುತ್ತು ತಿರುಗಲು ಅವರ ಮೌಸ್ 40 ಸೆಂಟಿಮೀಟರಿನಷ್ಟು ಓಡಬೇಕಾಗುತ್ತದೆ. ಆದ್ದರಿಂದಲೇ ಅವರಿಗೆ ಅಷ್ಟಗಲದ ಪ್ಯಾಡು ಬೇಕು, ಹಗುರ ಮೌಸು ಬೇಕು. ಓಡಿಸುವುದು ಮಣಿಕಟ್ಟಲ್ಲ, ಇಡೀ ಮುಂಗೈ. ಮಾಮೂಲಿ ಮೌಸ್ 100 ಗ್ರಾಂ ಆಸುಪಾಸಿನಲ್ಲಿದ್ದರೆ ಇಂಥವರ ಮೌಸ್‌ಗಳು 60 ಗ್ರಾಂಗೂ ಕೆಳಗಿಳಿದಿವೆ. ಎತ್ತಿ ಎತ್ತಿ ಇಡುವ ಕೈಗೆ ಆ 40 ಗ್ರಾಂ ಲೆಕ್ಕಕ್ಕೆ ಬರುತ್ತದೆ.

ಪೋಲಿಂಗ್ ರೇಟ್ ಎಂಬ ಇನ್ನೊಂದು ಅಂಕಿಯದ್ದೂ ಇದೇ ಕಥೆ. ಸಾಮಾನ್ಯ ಮೌಸ್ ಸೆಕೆಂಡಿಗೆ 125 ಸಲ, ಅಂದರೆ 8 ಮಿಲಿಸೆಕೆಂಡಿಗೊಮ್ಮೆ ವರದಿ ಒಪ್ಪಿಸುತ್ತದೆ. ಗೇಮಿಂಗ್ ಮೌಸ್ 1,000 ಸಲ. ಎಕ್ಸೆಲ್ ಹಾಳೆ ತುಂಬುವವರಿಗೆ ಎರಡೂ ಒಂದೇ. ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ ತೆರೆಯ ಮುಂದೆ ಆಡುವವರಿಗೆ ಮಾತ್ರ ವ್ಯತ್ಯಾಸ ತಿಳಿದೀತು.

ಇನ್ನು ಕೈಗೆ ಬರೋಣ. ಮಣಿಕಟ್ಟಿನ ಗೆರೆಯಿಂದ ನಡುಬೆರಳಿನ ತುದಿಯವರೆಗೆ ಸ್ಕೇಲಿನಲ್ಲಿ ಅಳೆಯಿರಿ. ಅದರ ಶೇಕಡಾ 60ರಷ್ಟು ಉದ್ದದ ಮೌಸ್ ಹೊಂದುತ್ತದೆ ಎಂಬುದು ಆಟಗಾರರಲ್ಲಿ ಚಾಲ್ತಿಯಲ್ಲಿರುವ ಲೆಕ್ಕ, 18.5 ಸೆಂಟಿಮೀಟರ್ ಕೈಗೆ ಹತ್ತಿರಹತ್ತಿರ 11 ಸೆಂಟಿಮೀಟರ್ ಮೌಸ್. ಇದು ಶಾಸ್ತ್ರವಲ್ಲ, ಅಂದಾಜು. ಹಿಡಿಯುವ ರೀತಿಯೂ ಲೆಕ್ಕಕ್ಕೆ ಬರುತ್ತದೆ. ಅಂಗೈಯನ್ನು ಪೂರ್ತಿ ಒರಗಿಸಿ ಹಿಡಿಯುವವರಿಗೆ ಬೆನ್ನು ಉಬ್ಬಿದ ದೊಡ್ಡ ಮೌಸ್ ಹಿತ. ಬೆರಳ ತುದಿಯಲ್ಲೇ ಆಡಿಸುವವರಿಗೆ ಗಿಡ್ಡದು, ಚಪ್ಪಟೆಯದು. ಲ್ಯಾಪ್‌ಟಾಪ್ ಚೀಲಕ್ಕೆಂದು ಕೊಂಡ ಪುಟಾಣಿ ಮೌಸನ್ನೇ ದಿನವಿಡೀ ಬಳಸುವವರ ಬೆರಳುಗಳು ಸದಾ ಮುದುಡಿಕೊಂಡೇ ಇರುತ್ತವೆ. ಸಂಜೆಗೆ ನೋಯದೆ ಇನ್ನೇನಾದೀತು?

ಮಣಿಕಟ್ಟಿನಲ್ಲಿ ಎಂಟು ಸಣ್ಣ ಮೂಳೆಗಳು ಕಮಾನಾಗಿ ಕೂತಿವೆ, ಅದರ ಮೇಲೊಂದು ಬಿಗಿಯಾದ ಪಟ್ಟಿ. ನಡುವಿನ ಇಕ್ಕಟ್ಟು ಸುರಂಗದಲ್ಲಿ ಬೆರಳುಗಳನ್ನು ಮಡಿಸುವ ಒಂಬತ್ತು ಸ್ನಾಯುರಜ್ಜುಗಳೂ ಮೀಡಿಯನ್ ಎಂಬ ನರವೂ ಒತ್ತಿಕೊಂಡು ಹಾದುಹೋಗುತ್ತವೆ. ಕೈಯನ್ನು ಹಿಂದಕ್ಕೆ ಬಗ್ಗಿಸಿದಷ್ಟೂ ಸುರಂಗದೊಳಗಿನ ಒತ್ತಡ ಏರುತ್ತದೆ. ಇದನ್ನು ಅಳೆದೇ ನೋಡಿದ್ದಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳು ಜುಮುಗುಟ್ಟುವ ಕಾರ್ಪಲ್ ಟನಲ್ ತೊಂದರೆಗೆ ಮೌಸೇ ಕಾರಣ ಎಂಬುದರ ಬಗ್ಗೆ ಸಂಶೋಧಕರಲ್ಲಿ ಒಮ್ಮತವಿಲ್ಲ. ಹಾಗಂತ ಕೈಯನ್ನು ಗಂಟೆಗಟ್ಟಲೆ ಬಗ್ಗಿಸಿಟ್ಟುಕೊಳ್ಳುವುದು ಯಾವ ಲೆಕ್ಕದಲ್ಲೂ ಒಳ್ಳೆಯದಲ್ಲ. ಜುಮುಗುಟ್ಟುವಿಕೆ ರಾತ್ರಿ ನಿದ್ದೆ ಕೆಡಿಸತೊಡಗಿದರೆ ಮೌಸಿನ ಅಂಗಡಿಗಲ್ಲ, ವೈದ್ಯರಲ್ಲಿಗೆ ಹೋಗಬೇಕು.

ಕೈಯನ್ನು ಮಗ್ಗುಲಾಗಿ ಹಿಡಿಯುವಂತೆ ಮಾಡಿದ ನಿಲುವು ಮೌಸ್‌ಗಳ ತರ್ಕ ಬೇರೆ. ಅಂಗೈ ಕೆಳಮುಖವಾಗಿದ್ದಾಗ ಮುಂಗೈಯ ಎರಡು ಮೂಳೆಗಳು ಒಂದರ ಮೇಲೊಂದು ಹಾಯ್ದು ತಿರುಚಿಕೊಂಡಿರುತ್ತವೆ. ಕೈಕುಲುಕುವ ಭಂಗಿಯಲ್ಲಿ ಆ ತಿರುಚು ಬಹಳಷ್ಟು ಸಡಿಲವಾಗುತ್ತದೆ. ಲಾಜಿಟೆಕ್‌ನ ಎಂಎಕ್ಸ್ ವರ್ಟಿಕಲ್ ಕೈಯನ್ನು 57 ಡಿಗ್ರಿ ಓರೆಯಾಗಿಸುವುದು ಇದಕ್ಕೇ. ಓದು, ಬರಹ, ಲೆಕ್ಕಪತ್ರಕ್ಕೆ ಸೊಗಸು. ಗುರಿಯಿಟ್ಟು ಹೊಡೆಯುವ ಆಟಕ್ಕೆ ಕಷ್ಟ. ಒಗ್ಗಿಕೊಳ್ಳಲು ಕೆಲವು ದಿನ ಬೇಕು, ಮೊದಲ ದಿನವೇ ಬೈದು ಎತ್ತಿಡಬೇಡಿ.

ಯಾವ ಮೌಸ್ ಕೊಂಡರೂ ಸರಿಹೋಗದ ನೋವೊಂದಿದೆ, ಅದರ ಅಪರಾಧಿ ಕೀಬೋರ್ಡ್. ಬಲಬದಿಯ ಅಂಕಿಗಳ ಗುಂಪು ಮೌಸನ್ನು ಅಷ್ಟು ದೂರ ತಳ್ಳುತ್ತದೆ, ತೋಳು ಮೈಯಿಂದ ಆಚೆ ಚಾಚಿಕೊಂಡೇ ಇರಬೇಕು. ಭುಜ ಹಿಡಿದುಕೊಳ್ಳುವುದು ಇಲ್ಲಿಂದ. ಬ್ಯಾಂಕಿನವರನ್ನೂ ಟ್ಯಾಲಿ ಬಳಸುವವರನ್ನೂ ಬಿಟ್ಟರೆ ಆ ಗುಂಪನ್ನು ಮುಟ್ಟುವವರು ಕಡಿಮೆ. ಅದಿಲ್ಲದ ಗಿಡ್ಡ ಕೀಬೋರ್ಡ್ ತಂದರೆ ಮೌಸ್ ತಾನಾಗಿ ಮೊಣಕೈಯ ನೇರಕ್ಕೆ ಬರುತ್ತದೆ. ಎಡಗೈಯವರಿಗೆ ಈ ಕಾಟವಿಲ್ಲ, ಆದರೆ ಅಂಗಡಿಯಲ್ಲಿ ಅವರ ಕೈಗೆಂದು ಮಾಡಿದ ಮೌಸ್ ಸಿಗುವುದೇ ಅಪರೂಪ. ಎರಡೂ ಕಡೆ ಒಂದೇ ಆಕಾರದ್ದನ್ನು ಕೊಂಡು ಸೆಟ್ಟಿಂಗ್‌ನಲ್ಲಿ ಗುಂಡಿ ಅದಲುಬದಲು ಮಾಡಿಕೊಳ್ಳಬೇಕು.

ವೈರ್‌ಲೆಸ್ ಮೌಸ್ ಆಗಾಗ ತಡವರಿಸಿದರೆ ಮೌಸನ್ನು ಬೈಯುವ ಮೊದಲು, ಅದರ ಸಂಕೇತ ಹಿಡಿಯಲು ಯುಎಸ್‌ಬಿ ಕಿಂಡಿಗೆ ಚುಚ್ಚಿದ ಡಾಂಗಲ್ ಎಲ್ಲಿದೆ ನೋಡಿ. ಯುಎಸ್‌ಬಿ 3.0 ಕಿಂಡಿಗಳ ಕೆಲಸದಲ್ಲಿ ಹೊಮ್ಮುವ ಗದ್ದಲ ಡಾಂಗಲ್ ಬಳಸುವ 2.4 ಗಿಗಾಹರ್ಟ್ಜ್ ತರಂಗಕ್ಕೇ ಅಡ್ಡಬರುತ್ತದೆ ಎಂದು ಇಂಟೆಲ್ 2012ರಲ್ಲೇ ಬರೆದಿತ್ತು. ಸಿಪಿಯು ಡಬ್ಬಿಯ ಬೆನ್ನಿಗೆ ಚುಚ್ಚುವ ಬದಲು, ಒಂದು ಚಿಕ್ಕ ಎಕ್ಸ್‌ಟೆನ್ಷನ್ ವೈರ್ ಹಾಕಿ ಡಾಂಗಲನ್ನು ಮೇಜಿನ ಮೇಲೆ ತಂದಿಡಿ.

ಚೆನ್ನಾಗಿದ್ದ ಮೌಸ್ ಒಂದು ದಿನ ಒಮ್ಮೆ ಒತ್ತಿದರೆ ಎರಡು ಸಲ ಕ್ಲಿಕ್ ಮಾಡತೊಡಗುತ್ತದೆ. ಫೈಲ್ ಒಂದನ್ನು ಆರಿಸಹೊರಟರೆ ತೆರೆದೇ ಬಿಡುತ್ತದೆ. ಗುಂಡಿಯ ಕೆಳಗಿನ ಮೈಕ್ರೋಸ್ವಿಚ್‌ನಲ್ಲಿ ಕೂದಲಷ್ಟು ತೆಳುವಾದ ತಾಮ್ರಮಿಶ್ರಿತ ತಗಡು ಸ್ಪ್ರಿಂಗ್ ಆಗಿ ಬಾಗುತ್ತದೆ. ಅದು ದಣಿದು, ಸಂಪರ್ಕದ ತುದಿ ಮಸುಕಾದಾಗ ತಗಲುವಾಗ ಪುಟಿಯುತ್ತದೆ. ಆ ಪುಟಿತವೂ ಒಂದು ಕ್ಲಿಕ್ ಎಂದು ಎಣಿಕೆಯಾಗುತ್ತದೆ. ವಾರಂಟಿ ಇದ್ದರೆ ಬದಲಿಸಿಕೊಡಲು ಕೇಳಿ. ಮುಗಿದಿದ್ದರೆ, ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಕಡೆ ಬಿಡಿ ಸ್ವಿಚ್ ಸಿಗುತ್ತದೆ. ಬೆಸೆಯಬೇಕಾದ ಕಾಲು ಮೂರೇ. ಹೊಟ್ಟೆಯ ಸ್ಕ್ರೂಗಳು ಮಾತ್ರ ಸಾಮಾನ್ಯವಾಗಿ ಮೌಸ್ ಜಾರಲೆಂದು ಅಡಿಗೆ ಅಂಟಿಸಿದ ನುಣುಪು ಪಾದಗಳ ಕೆಳಗೆ ಅಡಗಿರುತ್ತವೆ. ಪಾದಗಳನ್ನು ಹರಿಯದ ಹಾಗೆ ನಿಧಾನವಾಗಿ ಬಿಡಿಸಿ.