ಅಗ್ಗದ ವಿದ್ಯುತ್ ಗಿಟಾರನ್ನು ಆರಿಸುವುದು ಹೇಗೆ?

೧೯೬೩ರ ಬೇಸಗೆಯಲ್ಲಿ ಲಂಡನ್ನಿನ ಹೊರವಲಯದ ಫೆಲ್ಟ್‌ಹ್ಯಾಮ್ ಎಂಬಲ್ಲಿ ಬ್ರಯಾನ್ ಮೇ ಎಂಬ ಹದಿನಾರು ವರ್ಷದ ವಿದ್ಯಾರ್ಥಿಯೂ ಅವನ ತಂದೆ ಹೆರಾಲ್ಡರೂ ಒಂದು ವಿದ್ಯುತ್ ಗಿಟಾರನ್ನು ಮನೆಯಲ್ಲಿಯೇ ಮಾಡಲು ಕೈಹಾಕಿದರು. ಹುಡುಗನ ಮನಸ್ಸಿದ್ದದ್ದು ಅಮೆರಿಕದ ಫೆಂಡರ್ ಕಂಪೆನಿಯ ಗಿಟಾರಿನ ಮೇಲೆ. ಅದನ್ನು ಕೊಳ್ಳುವಷ್ಟು ಹಣ ಆ ಮನೆಯಲ್ಲಿರಲಿಲ್ಲ. ಹಳೆಯ ಅಗ್ಗಿಷ್ಟಿಕೆಯೊಂದರ ಮಹಾಗನಿ ಮರದಿಂದ ಅವರು ಗಿಟಾರಿನ ದಂಡಿಯನ್ನು ಕೆತ್ತಿದರು; ಹುಳು ಕೊರೆದ ತೂತುಗಳಿಗೆ ಬೆಂಕಿಕಡ್ಡಿಗಳನ್ನು ತುರುಕಿ ಮುಚ್ಚಿದರು. ಒಡಲಿಗೆ ಹಳೆಯ ಓಕ್ ಮೇಜಿನ ಹಲಗೆ ಬಂದಿತು. ತಂತಿಗಳ ಬಿಗಿಯನ್ನು ತೂಗಿಸುವ ಸ್ಪ್ರಿಂಗುಗಳು ಹಳೆಯ ಮೋಟಾರ್ ಸೈಕಲ್ಲಿನವು. ದಂಡಿಯ ಮೇಲಣ ಗುರುತುಗಳು ತಾಯಿಯ ಹೊಲಿಗೆ ಪೆಟ್ಟಿಗೆಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಎಲ್ಲವೂ ಸೇರಿ ತಗುಲಿದ ವೆಚ್ಚ ಸುಮಾರು ೮ ಪೌಂಡು. ಹಿಡಿದ ಕಾಲ ಸುಮಾರು ಎರಡು ವರ್ಷ. ಮುಂದೆ 'ಕ್ವೀನ್' ಎಂಬ ಪ್ರಖ್ಯಾತ ವಾದ್ಯಗೋಷ್ಠಿಯಲ್ಲಿ ಜಗತ್ತು ಕೇಳಿದ್ದು ಇದೇ ಗಿಟಾರನ್ನು. ೨೦೦೭ರಲ್ಲಿ ಸೌರವ್ಯೂಹದ ಧೂಳನ್ನು ಕುರಿತು ಪ್ರಬಂಧ ಬರೆದು ಖಭೌತಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದವರೂ ಅದೇ ಬ್ರಯಾನ್ ಮೇ.

ಎಲ್ಲರೂ ಗಿಟಾರನ್ನು ಮಾಡಿಕೊಳ್ಳಲಾರರು. ಕೂಡಿಟ್ಟ ಹತ್ತು ಹದಿನೈದು ಸಾವಿರ ರೂಪಾಯಿಗಳನ್ನು ಹಿಡಿದು ಅಂಗಡಿಗೆ ಹೋಗುವ ವಿದ್ಯಾರ್ಥಿ ಅಲ್ಲಿ ಇದ್ದುದರಲ್ಲಿ ಒಂದನ್ನು ಆರಿಸಬೇಕು. ಆರಿಸುವುದರಲ್ಲಿ ತಪ್ಪಿದರೆ ಕಳೆದುಕೊಳ್ಳುವುದು ಹಣ ಮಾತ್ರವಲ್ಲ. ಶ್ರುತಿ ನಿಲ್ಲದ, ಬೆರಳಿಗೆ ಒರಟಾದ ವಾದ್ಯವನ್ನು ಕೊಂಡ ಹೊಸಬರು ದೋಷ ತಮ್ಮ ಕಿವಿಯದೆಂದೂ ಬೆರಳಿನದೆಂದೂ ತಿಳಿದು, ಆರು ತಿಂಗಳೊಳಗೆ ಗಿಟಾರನ್ನು ಮಂಚದ ಕೆಳಗೆ ತಳ್ಳಿಬಿಡುವುದುಂಟು. ಆದ್ದರಿಂದ ಈ ವಾದ್ಯದಲ್ಲಿ ನಾದ ಹುಟ್ಟುವುದು ಎಲ್ಲಿ, ಅದು ಕೆಡುವುದು ಎಲ್ಲಿ ಎಂಬುದನ್ನು ಮೊದಲೇ ತಿಳಿದಿರುವುದು ಒಳ್ಳೆಯದು.

ವೀಣೆಯಲ್ಲಿ ತಂತಿಯ ಕಂಪನ ಕುದುರೆಯ ಮೂಲಕ ಕೊಡಕ್ಕೆ ಇಳಿದು, ಕೊಡದ ಮೇಲ್ಹಲಗೆ ಗಾಳಿಯನ್ನು ಅಲುಗಿಸುತ್ತದೆ. ಆದ್ದರಿಂದಲೇ ವೀಣೆಗೆ ಹಲಸಿನ ಮರವೇ ಬೇಕೆಂಬ ಹಟ. ವಿದ್ಯುತ್ ಗಿಟಾರಿನಲ್ಲಿ ನಡೆಯುವುದು ಬೇರೆ. ತಂತಿಗಳ ಕೆಳಗೆ ಪಿಕಪ್ ಎಂಬ ಒಂದು ಭಾಗವಿರುತ್ತದೆ. ಅದು ಅಯಸ್ಕಾಂತದ ಸುತ್ತ ಸುತ್ತಿದ ತಾಮ್ರದ ಸುರುಳಿ, ಅಷ್ಟೆ. ಅಯಸ್ಕಾಂತವು ತನ್ನ ಮೇಲಿರುವ ಉಕ್ಕಿನ ತಂತಿಯನ್ನೂ ಕಾಂತವಾಗಿ ಮಾರ್ಪಡಿಸುತ್ತದೆ. ತಂತಿ ಮಿಡಿದಾಗ ಸುರುಳಿಯ ಮೂಲಕ ಹಾಯುವ ಕಾಂತಕ್ಷೇತ್ರ ಹೆಚ್ಚು ಕಡಿಮೆಯಾಗುತ್ತದೆ. ೧೮೩೧ರಲ್ಲಿ ಫ್ಯಾರಡೆ ಕಂಡುಹಿಡಿದ ನಿಯಮದಂತೆ ಸುರುಳಿಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ತಂತಿ ಸೆಕೆಂಡಿಗೆ ೧೧೦ ಸಲ ಕಂಪಿಸಿದರೆ ವಿದ್ಯುತ್ತೂ ೧೧೦ ಸಲ ಹಿಂದುಮುಂದಾಗುತ್ತದೆ. ನೈಲಾನ್ ತಂತಿ ಕಟ್ಟಿದರೆ ಪಿಕಪ್ಪಿಗೆ ಏನೂ ಕೇಳಿಸದು.

ಫೆಂಡರ್ ಮಾದರಿಯ ಒಂದು ಪಿಕಪ್ಪಿನಲ್ಲಿ ಕೂದಲಿನಷ್ಟು ತೆಳುವಾದ ತಂತಿಯ ಏಳೆಂಟು ಸಾವಿರ ಸುತ್ತುಗಳಿರುತ್ತವೆ. ಬಿಚ್ಚಿ ಎಳೆದರೆ ಅದು ಸುಮಾರು ಒಂದು ಕಿಲೋಮೀಟರ್ ಉದ್ದವಾದೀತು. ಆದರೂ ಅದನ್ನು ಸುತ್ತುವುದು ಯಂತ್ರ. ಪದಾರ್ಥದ ಬೆಲೆ ಹೆಚ್ಚಲ್ಲ. ದುಬಾರಿ ಪಿಕಪ್ಪಿಗೂ ಅಗ್ಗದ ಪಿಕಪ್ಪಿಗೂ ನಾದದಲ್ಲಿ ವ್ಯತ್ಯಾಸವುಂಟು, ನಿಜ. ಆದರೆ ಇದು ನಾಲ್ಕು ತಿರುಪು ಬಿಚ್ಚಿ ಬದಲಾಯಿಸಬಹುದಾದ ಭಾಗ. ಬ್ರಯಾನ್ ಮೇ ಕೂಡ ಮೊದಲು ಪಿಕಪ್ಪುಗಳನ್ನು ತಾನೇ ಸುತ್ತಿದ. ತಂತಿಯನ್ನು ಪಕ್ಕಕ್ಕೆ ಎಳೆದಾಗ ಅವು ಕರಕರ ಎಂದುವು. ಅವನ್ನು ತೆಗೆದು ಬರ್ನ್ಸ್ ಕಂಪೆನಿಯವನ್ನು ಕೊಂಡು ಹಾಕಿದ. ಗಿಟಾರು ಮಾತ್ರ ಅದೇ ಉಳಿಯಿತು.

ಪಿಕಪ್ಪಿನ ಗುಣಕ್ಕಿಂತ ಅದು ಇರುವ ಸ್ಥಾನವೇ ನಾದವನ್ನು ಹೆಚ್ಚು ಬದಲಿಸುತ್ತದೆ. ತಂತಿ ಇಡಿಯಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು ಭಾಗಗಳಾಗಿಯೂ ಕಂಪಿಸುತ್ತದೆ. ಕುದುರೆಯ ಸಮೀಪದ ಪಿಕಪ್ಪಿಗೆ ಈ ಉಪಸ್ವರಗಳ ಪಾಲು ಹೆಚ್ಚಾಗಿ ಸಿಕ್ಕುವುದರಿಂದ ಅದರ ನಾದ ಚೂಪು. ಕುದುರೆಯಿಂದ ತಂತಿಯ ಕಾಲುಭಾಗ ದೂರದಲ್ಲಿರುವ ಪಿಕಪ್ಪಿಗೆ ನಾಲ್ಕನೆಯ ಉಪಸ್ವರ ಬಹುಮಟ್ಟಿಗೆ ಕೇಳಿಸುವುದೇ ಇಲ್ಲ. ಏಕೆಂದರೆ ಆ ಕಂಪನಕ್ಕೆ ಅಲ್ಲಿ ತಂತಿ ನಿಶ್ಚಲ. ಎರಡು ಮೂರು ಪಿಕಪ್ಪುಗಳೂ ಒಂದು ಸ್ವಿಚ್ಚೂ ಇರುವ ಸಾಧಾರಣ ಗಿಟಾರೊಂದು ಕಲಿಯುವವರಿಗೆ ಎರಡು ಮೂರು ಗಿಟಾರುಗಳ ಸಮಾನ.

ಹಾಗಾದರೆ ಮರ? ಅಂಗಡಿಯವರು ಮರದ ಮಾತನ್ನೇ ಮೊದಲು ಎತ್ತುತ್ತಾರೆ. ಪಿಕಪ್ಪು ಮರದ ಧ್ವನಿಯನ್ನು ಕೇಳುವುದಿಲ್ಲ, ತಂತಿಯ ಚಲನೆಯನ್ನು ಮಾತ್ರ ಕಾಣುತ್ತದೆ ಎಂಬುದನ್ನು ನೆನಪಿಡಿ. ತಂತಿಯ ಶಕ್ತಿಯನ್ನು ಮರ ಒಂದಿಷ್ಟು ಹೀರಬಹುದು. ಅದರ ಪರಿಣಾಮ ಎಷ್ಟೆಂಬ ವಾದ ಇನ್ನೂ ನಿಂತಿಲ್ಲ. ೧೯೫೦ರ ದಶಕದಲ್ಲಿ ಅಮೆರಿಕದ ನೇಥನ್ ಡೇನಿಯಲ್ ಎಂಬಾತ 'ಡ್ಯಾನೆಲೆಕ್ಟ್ರೋ' ಗಿಟಾರುಗಳನ್ನು ಮರದ ಚೌಕಟ್ಟಿಗೆ ಹಾರ್ಡ್‌ಬೋರ್ಡ್ ಹೊದಿಸಿಯೇ ಮಾಡಿದ. ಪಿಕಪ್ಪಿನ ಕವಚಕ್ಕೆ ತುಟಿಬಣ್ಣದ ಕೊಳವೆಗಳನ್ನು ಉಪಯೋಗಿಸಿದ. ಅಗ್ಗದವೆಂದೇ ಮಾರಾಟವಾದ ಈ ಗಿಟಾರನ್ನು ಮುಂದೆ ಜಿಮ್ಮಿ ಪೇಜ್ ಅಂಥ ವಾದಕರು ಪ್ರೀತಿಯಿಂದ ನುಡಿಸಿದರು.

ಮರದ ಮಾತಿನಲ್ಲಿ ನಮ್ಮ ಕಾಡಿನ ಸಂಗತಿಯೊಂದುಂಟು. ದಂಡಿಯ ಮೇಲಣ ಬೆರಳುಹಲಗೆಗೆ ಬ್ರೆಜಿಲ್ ದೇಶದ ರೋಸ್‌ವುಡ್ ಅಪರೂಪವಾದ ಬಳಿಕ ಅದರ ಜಾಗಕ್ಕೆ ಬಂದದ್ದು ಪಶ್ಚಿಮ ಘಟ್ಟಗಳ ಬೀಟೆ. ೨೦೧೭ರಲ್ಲಿ ಬೀಟೆಯ ಜಾತಿಯ ಎಲ್ಲ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಟ್ಟುಪಾಡು ಬಂದಾಗ (೨೦೧೯ರಲ್ಲಿ ಸಿದ್ಧ ವಾದ್ಯಗಳಿಗೆ ವಿನಾಯಿತಿ ದೊರೆಯಿತು) ತಯಾರಕರು ಬೇರೆ ಮರಗಳನ್ನು ಹುಡುಕಿದರು. ಅಗ್ಗದ ಗಿಟಾರುಗಳ ವಿವರಪಟ್ಟಿಯಲ್ಲಿ 'ಇಂಡಿಯನ್ ಲಾರೆಲ್' ಎಂದು ಕಾಣುವುದು ಮತ್ತಾವುದೂ ಅಲ್ಲ, ನಮ್ಮ ಮಲೆನಾಡಿನವರು ಚೆನ್ನಾಗಿ ಬಲ್ಲ ಮತ್ತಿ. ಬೀಟೆಯ ಬದಲು ಮತ್ತಿ ಇದೆಯೆಂದು ಯಾರೂ ಗಿಟಾರನ್ನು ತಳ್ಳಿಹಾಕಬೇಕಾಗಿಲ್ಲ.

ಈಗ ಮುಖ್ಯ ವಿಷಯಕ್ಕೆ ಬರೋಣ. ವೀಣೆಯ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸುತ್ತಾರೆ. ಮೇಣ ಸಡಿಲಿ ಶ್ರುತಿ ತಪ್ಪಿದರೆ ಮತ್ತೆ ಮೇಳ ಕಟ್ಟಿಸಬಹುದು. ಗಿಟಾರಿನಲ್ಲಿ ಫ್ರೆಟ್ ಎಂದು ಕರೆಯುವ ಮೆಟ್ಟಿಲುಗಳನ್ನು ಮರದಲ್ಲಿ ಕೊರೆದ ಸೀಳುಗಳೊಳಕ್ಕೆ ಬಡಿದು ಕೂರಿಸಿರುತ್ತಾರೆ. ಸೀಳು ತಪ್ಪಿದರೆ ಗಿಟಾರು ಬದುಕಿರುವವರೆಗೂ ಆ ಸ್ವರ ತಪ್ಪೇ. ಸ್ಥಾಯಿಯೊಂದನ್ನು ಹನ್ನೆರಡು ಸಮಾನ ಪಾಲು ಮಾಡಬೇಕಾದರೆ, ಪ್ರತಿಯೊಂದು ಮೆಟ್ಟಿಲೂ ಉಳಿದ ತಂತಿಯನ್ನು ೧೭.೮೧೭ರಲ್ಲಿ ಒಂದು ಪಾಲಿನಷ್ಟು ಮೊಟಕು ಮಾಡಬೇಕು. ೧೫೮೧ರಲ್ಲಿಯೇ ೧೮ರಲ್ಲಿ ಒಂದು ಪಾಲು ಎಂಬ ಸುಲಭ ಸೂತ್ರವನ್ನು ಬರೆದಿಟ್ಟವರು ವಿನ್ಚೆನ್ಸೊ ಗೆಲಿಲಿ. ಖಗೋಳಜ್ಞ ಗೆಲಿಲಿಯೋನ ತಂದೆ, ಲೂಟ್ ವಾದ್ಯದಲ್ಲಿ ನಿಪುಣರು. ತಂತಿಯ ಉದ್ದ ೬೪೮ ಮಿ.ಮೀ. ಇದ್ದರೆ ಈ ಸೂತ್ರದಿಂದ ಹನ್ನೆರಡನೆಯ ಮೆಟ್ಟಿಲಿಗೆ ಬರುವಷ್ಟರಲ್ಲಿ ಸುಮಾರು ೨.೪ ಮಿ.ಮೀ. ತಪ್ಪು ಸೇರುತ್ತದೆ. ಅಲ್ಲಿ ಒಂದು ಮಿಲಿಮೀಟರ್ ತಪ್ಪಿದರೆ ಸ್ವರ ಒಂದು ಸ್ವರಸ್ಥಾನದ ಇಪ್ಪತ್ತನೆಯ ಒಂದು ಪಾಲಿನಷ್ಟು ಸರಿಯುತ್ತದೆ. ದಂಡಿಯಲ್ಲಿ ಇನ್ನೂ ಮುಂದೆ ಹೋದರೆ ಅದೇ ಮಿಲಿಮೀಟರಿನ ಪರಿಣಾಮ ಇಮ್ಮಡಿಯಾದೀತು.

ಸಂತೋಷದ ವಿಷಯವೇನೆಂದರೆ, ಇಂದು ಈ ಸೀಳುಗಳನ್ನು ಕೊರೆಯುವುದು ಗಣಕಯಂತ್ರ ನಡೆಸುವ ಗರಗಸ. ಅದು ಅಗ್ಗದ ಗಿಟಾರಿಗೊಂದು, ದುಬಾರಿ ಗಿಟಾರಿಗೊಂದು ಲೆಕ್ಕ ಹಾಕುವುದಿಲ್ಲ. ಅಗ್ಗದ ಗಿಟಾರಿನಲ್ಲಿ ಉಳಿತಾಯವಾಗುವುದು ಮನುಷ್ಯನ ಕೈಕೆಲಸದಲ್ಲಿ: ಮೆಟ್ಟಿಲುಗಳ ತಲೆಗಳನ್ನು ಒಂದೇ ಮಟ್ಟಕ್ಕೆ ಉಜ್ಜುವುದು, ಅಂಚುಗಳನ್ನು ನುಣುಪು ಮಾಡುವುದು, ದಂಡಿಯ ತುದಿಯಲ್ಲಿ ತಂತಿಗಳು ಕೂರುವ ನಟ್ ಎಂಬ ಪಟ್ಟಿಯ ಕಚ್ಚುಗಳನ್ನು ತಕ್ಕಷ್ಟು ಆಳಕ್ಕೆ ಅರೆಯುವುದು. ನೀವು ಹುಡುಕಬೇಕಾದ ದೋಷಗಳು ಇಲ್ಲಿವೆ.

ದೋಷಗಳಲ್ಲಿ ಎರಡು ಬಗೆ. ತಿರುಪು ತಿರುಗಿಸಿದರೆ ಹೋಗುವಂಥವು, ಹೋಗದಂಥವು. ಮೊದಲನೆಯದಕ್ಕೆ ಹೆದರಬೇಡಿ. ತಂತಿಗಳು ಎತ್ತರವಾಗಿದ್ದರೆ ಕುದುರೆಯ ಮೇಲೆ ತಗ್ಗಿಸುವ ತಿರುಪುಗಳಿವೆ; ಹನ್ನೆರಡನೆಯ ಮೆಟ್ಟಿಲಿನ ಮೇಲೆ ಒಂದೂವರೆಯಿಂದ ಎರಡು ಮಿಲಿಮೀಟರ್ ಅಂತರವಿದ್ದರೆ ಬೆರಳಿಗೆ ಸುಖ. ಆರು ತಂತಿಗಳು ಸೇರಿ ದಂಡಿಯನ್ನು ಸುಮಾರು ೪೫ ಕಿಲೋಗ್ರಾಂ ಭಾರದಷ್ಟು ಬಲದಿಂದ ಎಳೆಯುತ್ತಿರುತ್ತವೆ. ಅದರಿಂದ ದಂಡಿ ಬಿಲ್ಲಿನಂತೆ ಬಾಗಿದ್ದರೆ, ಒಳಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳನ್ನು ಬಿಗಿದು ನೇರ ಮಾಡಬಹುದು. ತಂತಿಯೊಂದನ್ನು ಮೊದಲನೆಯ ಮೆಟ್ಟಿಲಿನಲ್ಲೂ ದಂಡಿ ಒಡಲನ್ನು ಸೇರುವೆಡೆಯಲ್ಲೂ ಅದುಮಿ ನಡುವೆ ನೋಡಿ. ಗಟ್ಟಿ ಕಾಗದವೊಂದು ತೂರುವಷ್ಟು, ಎಂದರೆ ಕಾಲು ಮಿಲಿಮೀಟರಿನಷ್ಟು, ಸಂದು ಇದ್ದರೆ ಸರಿ.

ಇನ್ನು ಶ್ರುತಿ. ಹನ್ನೆರಡನೆಯ ಮೆಟ್ಟಿಲಿನ ನೇರಕ್ಕೆ ತಂತಿಯನ್ನು ಬೆರಳಿನಿಂದ ಸೋಕಿಸಿ ಮಿಡಿಯಿರಿ. ಗಂಟೆಯಂಥ ನಾದ ಬರುತ್ತದೆ. ಬಳಿಕ ಅಲ್ಲಿಯೇ ಅದುಮಿ ಮಿಡಿಯಿರಿ. ಎರಡೂ ಒಂದೇ ಸ್ವರವಾಗಿರಬೇಕು. ಅದುಮಿದ ಸ್ವರ ಏರಿದ್ದರೆ ಕುದುರೆಯ ಮೇಲೆ ಆ ತಂತಿಯ ಪೀಠವನ್ನು ತಿರುಪಿನಿಂದ ಹಿಂದಕ್ಕೆ ಸರಿಸಬೇಕು, ಇಳಿದಿದ್ದರೆ ಮುಂದಕ್ಕೆ. ಪೀಠ ಹಿಂದಕ್ಕೆ ಸರಿಯಲು ಜಾಗವೇ ಉಳಿದಿಲ್ಲದಿದ್ದರೆ ಮಾತ್ರ ಆ ಗಿಟಾರು ಬೇಡ.

ಎರಡನೆಯ ಬಗೆಯ ದೋಷಗಳನ್ನು ಕಂಡರೆ ಕೈಮುಗಿದು ಹಿಂದಿರುಗಿ. ಗಿಟಾರನ್ನು ಬಂದೂಕಿನಂತೆ ಕಣ್ಣಿಗೆ ಹಿಡಿದು ದಂಡಿಯ ಉದ್ದಕ್ಕೂ ನೋಡಿದಾಗ ಅದು ಹಗ್ಗದಂತೆ ತಿರುಚಿಕೊಂಡಿದ್ದರೆ ಯಾವ ಸರಳೂ ಅದನ್ನು ಸರಿಮಾಡದು. ಅಂಚಿನ ತಂತಿಗಳಲ್ಲಿ ಒಂದು ದಂಡಿಯ ಬದಿಗೆ ಜಾರುವಂತಿದ್ದರೆ ದಂಡಿ ಓರೆಯಾಗಿ ಕೂತಿದೆ. ಬಳಿಕ ಪ್ರತಿ ತಂತಿಯ ಪ್ರತಿ ಮೆಟ್ಟಿಲನ್ನೂ ಒಮ್ಮೆ ನುಡಿಸಿ. ಆರು ತಂತಿ, ಇಪ್ಪತ್ತೆರಡು ಮೆಟ್ಟಿಲು, ಒಟ್ಟು ೧೩೨ ಸ್ವರ. ಐದು ನಿಮಿಷದ ಕೆಲಸ. ಅಂಗಡಿಯವರು ಬೇಸರಪಟ್ಟರೆ ಪಡಲಿ, ಹಣ ನಿಮ್ಮದು. ಎಲ್ಲೆಡೆಯೂ ಝರ್ರೆಂದರೆ ಅದು ತಿರುಪಿನ ವಿಷಯ. ಒಂದೆರಡು ಕಡೆ ಮಾತ್ರ ಝರ್ರೆಂದರೆ, ಸ್ವರ ಸತ್ತರೆ, ಅಲ್ಲಿಯ ಮೆಟ್ಟಿಲು ಎದ್ದಿದೆ. ನಟ್ಟಿನ ಕಚ್ಚು ಎತ್ತರವಾಗಿರುವುದು, ಮೆಟ್ಟಿಲ ಅಂಚು ಕೈಗೆ ಕೊರೆಯುವುದು ಇವೆರಡು ನಡುವಣ ಜಾತಿಯವು. ಬಲ್ಲ ಕುಶಲಿ ಅರದಿಂದ ಸರಿಪಡಿಸಿಯಾನು, ಆ ಕೂಲಿಯನ್ನು ಬೆಲೆಗೆ ಸೇರಿಸಿ ಲೆಕ್ಕ ಹಾಕಿರಿ. ಈ ಪರೀಕ್ಷೆಗೆಲ್ಲ ವಿದ್ಯುತ್ತೇ ಬೇಕಾಗಿಲ್ಲ. ಆಂಪ್ಲಿಫೈಯರಿನ ಗದ್ದಲದಲ್ಲಿ ಇವು ಮರೆಯಾಗುವುದರಿಂದ ಅದನ್ನು ಆರಿಸಿಟ್ಟೇ ಮಾಡುವುದು ಮೇಲು.

ಫೆಂಡರಿನವರ ಸ್ಕ್ವಯರ್, ಗಿಬ್ಸನ್ನಿನವರ ಎಪಿಫೋನ್, ಯಮಾಹಾದ ಪೆಸಿಫಿಕಾ, ಇವೆಲ್ಲ ಅಲ್ಪಬೆಲೆಯಲ್ಲಿ ಹೆಸರಾದವು. ಆದರೂ ಒಂದೇ ಹೆಸರಿನ, ಒಂದೇ ಬೆಲೆಯ ಎರಡು ಗಿಟಾರುಗಳಲ್ಲಿ ಒಂದರ ಮೆಟ್ಟಿಲು ಸಮವಾಗಿದ್ದು ಇನ್ನೊಂದರದು ಇಲ್ಲದಿರಬಹುದು. ಹೆಸರನ್ನು ನೋಡಿ ಅಂಗಡಿಗೆ ಹೋಗಿ. ಗಿಟಾರನ್ನು ನೋಡಿ ಕೊಳ್ಳಿ.

ಕೈಯಲ್ಲಿರುವ ಹಣವನ್ನೆಲ್ಲ ಗಿಟಾರಿಗೇ ಸುರಿಯುವಂತಿಲ್ಲ. ಮೂರರಲ್ಲಿ ಒಂದು ಪಾಲನ್ನು ಆಂಪ್ಲಿಫೈಯರಿಗೆ ತೆಗೆದಿಡಬೇಕು. ಮನೆಯಲ್ಲಿರುವ ಹಾಡುಪೆಟ್ಟಿಗೆಗೇ ಸಿಕ್ಕಿಸಬಾರದೆ ಎಂದು ಕೇಳುವವರುಂಟು. ಪಿಕಪ್ಪಿನ ಸುರುಳಿ ಬಹಳ ದುರ್ಬಲವಾದ ಆಕರ. ಅದಕ್ಕೆ ಸುಮಾರು ಹತ್ತು ಲಕ್ಷ ಓಮ್ ರೋಧವುಳ್ಳ ಪ್ರವೇಶ ಬೇಕು. ಹಾಡುಪೆಟ್ಟಿಗೆಯ ಪ್ರವೇಶದಲ್ಲಿ ಅದು ಹತ್ತಾರು ಸಾವಿರವಷ್ಟೆ. ಸಿಕ್ಕಿಸಿದರೆ ನಾದ ಕ್ಷೀಣವಾಗಿ, ಮೇಲಿನ ಸ್ವರಗಳೆಲ್ಲ ಸತ್ತು, ಕಂಬಳಿ ಹೊದೆಸಿದಂತೆ ಕೇಳುತ್ತದೆ. ೧೯೬೨ರಲ್ಲಿ ಡೇನಿಯಲ್ ತಯಾರಿಸಿದ ಗಿಟಾರೊಂದನ್ನು ಸಿಯರ್ಸ್ ಕಂಪೆನಿ ಮಾರಾಟಕ್ಕಿಟ್ಟಿತು. ಅದರ ಪೆಟ್ಟಿಗೆಯೊಳಗೇ ಆಂಪ್ಲಿಫೈಯರನ್ನೂ ಧ್ವನಿವರ್ಧಕವನ್ನೂ ಕೂರಿಸಲಾಗಿತ್ತು. ಬಡ ಹುಡುಗರ ಕಷ್ಟವನ್ನು ಆತ ಚೆನ್ನಾಗಿ ಬಲ್ಲ. ಇಂದು ಕಿವಿಗೆ ಹಾಕಿಕೊಂಡು ಕೇಳುವ ಪುಟ್ಟ ಆಂಪ್ಲಿಫೈಯರುಗಳೂ ಇವೆ. ಪರೀಕ್ಷೆಯ ದಿನಗಳಲ್ಲಿ ಮನೆಯವರಿಗೂ ಅವೇ ಹಿತ. ವಾಟುಗಳ ಲೆಕ್ಕಕ್ಕೆ ಮರುಳಾಗಬೇಡಿ. ಕಿವಿಗೆ ಇಮ್ಮಡಿ ಗಟ್ಟಿಯೆಂದು ತೋರಬೇಕಾದರೆ ಶಕ್ತಿ ಸುಮಾರು ಹತ್ತು ಪಟ್ಟು ಹೆಚ್ಚಬೇಕು. ಕೋಣೆಗೆ ಹತ್ತು ವಾಟು ಧಾರಾಳ. ಇಪ್ಪತ್ತು ವಾಟಿಗೆ ಇಮ್ಮಡಿ ಹಣ ಕೊಟ್ಟರೆ ಸಿಕ್ಕುವ ವ್ಯತ್ಯಾಸ ಅಲ್ಪ.

ಉಪಯೋಗಿಸಿದ ಗಿಟಾರನ್ನು ಕೊಳ್ಳುವುದಾದರೆ ಮೊದಲ ಮೂರು ನಾಲ್ಕು ಮೆಟ್ಟಿಲುಗಳನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ಉಜ್ಜಿ ಉಜ್ಜಿ ಆಳವಾದ ಹಳ್ಳ ಬಿದ್ದಿದ್ದರೆ ಹೊಸ ಮೆಟ್ಟಿಲು ಹಾಕಿಸಬೇಕಾಗುತ್ತದೆ. ಅದರ ಖರ್ಚು ಗಿಟಾರಿನ ಬೆಲೆಯನ್ನೇ ಮುಟ್ಟೀತು. ಟ್ರಸ್ ರಾಡಿನ ತಿರುಪು ಎರಡು ಕಡೆಗೂ ತಿರುಗುತ್ತದೆಯೇ ಎಂದು ಕೇಳಿ, ಮಾರುವವರಿಂದಲೇ ತಿರುಗಿಸಿ ನೋಡಿಸಿ. ಗುಂಡಿ ತಿರುಗಿಸಿದಾಗ ಕರಕರ ಎಂದರೆ ಚಿಂತೆಯಿಲ್ಲ, ಒಳಗೆ ಧೂಳು ಕೂತಿರುತ್ತದೆ. ತೊಳೆಯುವ ದ್ರವ ಅಂಗಡಿಯಲ್ಲಿ ಸಿಕ್ಕುತ್ತದೆ. ತುಕ್ಕು ಹಿಡಿದ ಹಳೆಯ ತಂತಿಗಳ ಮೇಲೆ ಶ್ರುತಿಯ ಪರೀಕ್ಷೆ ಮಾಡಿ ಪ್ರಯೋಜನವಿಲ್ಲ. ಒಂದು ಕಟ್ಟು ಹೊಸ ತಂತಿಯನ್ನು ನೀವೇ ಕೊಂಡೊಯ್ದು, ಹಾಕಿಸಿ, ಅವು ಹಿಗ್ಗಿ ನಿಲ್ಲುವವರೆಗೆ ಅರ್ಧ ಗಂಟೆ ಕಾದು, ಆಮೇಲೆ ಹನ್ನೆರಡನೆಯ ಮೆಟ್ಟಿಲಿಗೆ ಬೆರಳಿಡಿ.