ಆಜ್ಞೆ ಹೊರಟಿತು, ರೆಪ್ಪೆ ಏಳಲಿಲ್ಲ

ಮಳೆಗಾಲದ ಒಂದು ರಾತ್ರಿ. ಹೊಲದಂಚಿನ ಮನೆ. ನೆಲದ ಮೇಲೆ ಚಾಪೆ ಹಾಸಿಕೊಂಡು ಮಲಗಿದ್ದ ಹುಡುಗ ಬೆಳಗಿನ ಜಾವ ಎದ್ದು ‘ಅಮ್ಮಾ, ಹೊಟ್ಟೆನೋವು’ ಎನ್ನುತ್ತಾನೆ. ರಾತ್ರಿ ತಿಂದದ್ದು ಅರಗಿಲ್ಲವೆಂದು ತಾಯಿ ಓಮದ ಕಷಾಯ ಮಾಡಿಕೊಡುತ್ತಾಳೆ. ಅದು ಗಂಟಲಲ್ಲಿ ಇಳಿಯುವುದಿಲ್ಲ. ಬಿಸಿಲೇರುವ ಹೊತ್ತಿಗೆ ಹುಡುಗನ ರೆಪ್ಪೆಗಳು ಜೋತುಬಿದ್ದಿವೆ. ‘ಕಣ್ಣು ಬಿಡೋ ಮಗಾ, ಇನ್ನೂ ನಿದ್ದೇನಾ?’ ಎಂದು ತಾಯಿ ಅಲುಗಾಡಿಸುತ್ತಾಳೆ. ಅವನು ನಿದ್ದೆ ಮಾಡುತ್ತಿಲ್ಲ. ತಾಯಿಯ ಮಾತು ಸ್ಪಷ್ಟವಾಗಿ ಕೇಳಿಸುತ್ತಿದೆ. ಕಣ್ಣು ಬಿಡಲು ಅವನೂ ಹೆಣಗುತ್ತಿದ್ದಾನೆ. ರೆಪ್ಪೆ ಮಾತ್ರ ಏಳುತ್ತಿಲ್ಲ.

ಇದು ಯಾವುದೋ ಒಂದು ಮನೆಯ ಕತೆಯಲ್ಲ. ಕಟ್ಟುಹಾವು ಕಚ್ಚಿದಾಗ ಹೆಚ್ಚುಕಡಿಮೆ ಹೀಗೆಯೇ ಆಗುತ್ತದೆ. ಕೆಲವೆಡೆ ಇದನ್ನು ಕಡಂಬಳವೆಂದೂ ಕರೆಯುತ್ತಾರೆ. ಇರುಳಿನಲ್ಲಿ ಓಡಾಡುವ ಈ ಹಾವಿನ ಹಲ್ಲು ಚಿಕ್ಕದು. ಕಚ್ಚಿದ ಜಾಗದಲ್ಲಿ ಊತವಿಲ್ಲ, ಹೇಳಿಕೊಳ್ಳುವಂಥ ಉರಿಯಿಲ್ಲ, ಗುರುತೂ ಕಾಣದಿರಬಹುದು. ಹುಡುಗನ ಮಿದುಳು ಸರಿಯಾಗಿದೆ, ನರಗಳು ಸರಿಯಾಗಿವೆ, ಸ್ನಾಯುಗಳೂ ಸರಿಯಾಗಿವೆ. ಹಾಗಿದ್ದರೆ ಕೆಟ್ಟಿರುವುದು ಏನು?

ಇದಕ್ಕೆ ಉತ್ತರ ಬೇಕಾದರೆ, ಆರೋಗ್ಯವಾಗಿರುವವನ ರೆಪ್ಪೆ ಹೇಗೆ ಏಳುತ್ತದೆಂಬುದು ಮೊದಲು ಗೊತ್ತಾಗಬೇಕು.

ನಮ್ಮ ಮಿದುಳಿನಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ನರಕೋಶಕ್ಕೆ ಉದ್ದನೆಯ ಬಾಲದಂಥ ಒಂದು ತಂತು ಇರುತ್ತದೆ. ಬೆನ್ನುಹುರಿಯಿಂದ ಪಾದದವರೆಗೆ ಹೋಗುವ ತಂತು ಸುಮಾರು ಒಂದು ಮೀಟರ್ ಉದ್ದ. ಅಷ್ಟುದ್ದದ್ದೂ ಒಂದೇ ಜೀವಕೋಶದ ಭಾಗ! ಆಜ್ಞೆ ಈ ತಂತುವಿನಲ್ಲಿ ವಿದ್ಯುತ್ತಿನ ರೂಪದಲ್ಲಿ ಸಾಗುತ್ತದೆ. ಆದರೆ ಮನೆಯ ವೈರಿನಲ್ಲಿ ಕರೆಂಟು ಹರಿದಂತಲ್ಲ. ಬೆಂಕಿ ಬಿದ್ದಾಗ ಜನ ಸಾಲಾಗಿ ನಿಂತು ನೀರಿನ ಬಿಂದಿಗೆಯನ್ನು ಕೈಯಿಂದ ಕೈಗೆ ದಾಟಿಸುತ್ತಾರಲ್ಲ, ಹಾಗೆ. ತಂತುವಿನ ಒಂದು ಜಾಗದಲ್ಲಿ ಸೋಡಿಯಂ ಕಣಗಳು ಒಳನುಗ್ಗುತ್ತವೆ. ಪೊಟ್ಯಾಸಿಯಂ ಕಣಗಳು ಹೊರಬಂದು ಅಲ್ಲಿ ಮೊದಲಿನ ಸ್ಥಿತಿ ತರುತ್ತವೆ. ಅಷ್ಟರಲ್ಲಿ ಪಕ್ಕದ ಜಾಗ ಎಚ್ಚೆತ್ತಿರುತ್ತದೆ. ಈ ವೇಗವನ್ನು ಅಳೆಯುವುದು ಮನುಷ್ಯನಿಂದಾಗದ ಕೆಲಸವೆಂದೇ ಒಂದು ಕಾಲದಲ್ಲಿ ಭಾವಿಸಿದ್ದರು. 1850ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಕಪ್ಪೆಯ ನರದಲ್ಲಿ ಅದನ್ನು ಅಳೆದೇಬಿಟ್ಟ. ಬಂದ ಲೆಕ್ಕ ಸೆಕೆಂಡಿಗೆ ಸುಮಾರು 27 ಮೀಟರ್. ಮನುಷ್ಯನ ಅತಿ ವೇಗದ ನರಗಳಲ್ಲಿ ಇದು ನೂರು ಮೀಟರನ್ನೂ ದಾಟುತ್ತದೆ. ಮಂದವಾದ ನೋವಿನ ಸುದ್ದಿ ಒಯ್ಯುವ ಸಣ್ಣ ತಂತುಗಳಲ್ಲಿ ಮಾತ್ರ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. ಹೊಸ್ತಿಲಿಗೆ ಕಾಲ್ಬೆರಳು ಎಡವಿದಾಗ ‘ತಗುಲಿತು’ ಎನ್ನುವುದು ಮೊದಲು ತಿಳಿದು, ಜೀವ ಹಿಂಡುವ ನೋವು ಆಮೇಲೆ ಬರುವುದು ಇದರಿಂದಲೇ.

ಹೀಗೆ ಓಡಿಬಂದ ಆಜ್ಞೆ ಸ್ನಾಯುವಿನ ಹೊಸ್ತಿಲಲ್ಲಿ ನಿಂತುಬಿಡುತ್ತದೆ. ಏಕೆಂದರೆ ನರದ ತುದಿ ಸ್ನಾಯುವನ್ನು ಮುಟ್ಟುವುದೇ ಇಲ್ಲ! ನಡುವೆ ಒಂದು ಸಂದಿ ಇದೆ. ಅದು ಒಂದು ಮಿಲಿಮೀಟರಿನ ಇಪ್ಪತ್ತು ಸಾವಿರದಲ್ಲಿ ಒಂದು ಪಾಲಿನಷ್ಟು. ನರಕೋಶದ ಚಿತ್ರ ಬರೆದು, ಭಾಗಗಳನ್ನು ಗುರುತಿಸಿ, ಅಂಕ ಗಿಟ್ಟಿಸುವ ನಮ್ಮ ಮಕ್ಕಳು ಈ ಸಂದಿಯನ್ನು ಖಾಲಿ ಬಿಟ್ಟು ಮುಂದೆ ಹೋಗುತ್ತಾರೆ. ದೇಹದ ಆಡಳಿತದ ನಿಜವಾದ ಗುಟ್ಟು ಇರುವುದು ಆ ಖಾಲಿ ಜಾಗದಲ್ಲೇ.

ಸಂದಿಯನ್ನು ಆಜ್ಞೆ ದಾಟುವುದು ಹೇಗೆ? ಕಿಡಿಯಾಗಿ ಹಾರುತ್ತದೆಂದು ಕೆಲವರು, ರಾಸಾಯನಿಕದ ಮೂಲಕವೆಂದು ಕೆಲವರು ವಾದಿಸುತ್ತಿದ್ದರು. ಆಸ್ಟ್ರಿಯಾದ ಗ್ರಾಜ್ ನಗರದಲ್ಲಿದ್ದ ಆಟೋ ಲೋವಿಗೆ ಒಂದು ರಾತ್ರಿ ಇದನ್ನು ತೀರ್ಮಾನಿಸುವ ಪ್ರಯೋಗ ಕನಸಿನಲ್ಲಿ ಹೊಳೆಯಿತಂತೆ. ಎದ್ದು ಚೀಟಿಯಲ್ಲಿ ಗೀಚಿಟ್ಟು ಮಲಗಿದ. ಬೆಳಿಗ್ಗೆ ನೋಡಿದರೆ ತನ್ನ ಬರಹ ತನಗೇ ಅರ್ಥವಾಗದು! ಮರುರಾತ್ರಿ ಮೂರು ಗಂಟೆಗೆ ಆ ವಿಚಾರ ಮತ್ತೆ ಬಂತು. ಈ ಸಲ ಚೀಟಿಯನ್ನು ನಂಬದೆ ನೇರವಾಗಿ ಪ್ರಯೋಗಶಾಲೆಗೆ ನಡೆದ. ಕಪ್ಪೆಯ ಒಂದು ಹೃದಯದ ನರವನ್ನು ಕೆಣಕಿ ಬಡಿತವನ್ನು ನಿಧಾನ ಮಾಡಿ, ಅದರೊಳಗಿದ್ದ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದ. ಆ ಎರಡನೆಯ ಹೃದಯದ ನರವನ್ನು ಯಾರೂ ಮುಟ್ಟಿರಲಿಲ್ಲ. ಅದೂ ನಿಧಾನವಾಯಿತು. ದ್ರವದಲ್ಲಿ ಏನೋ ಒಂದು ದೂತ ಇದ್ದಾನೆಂದು ಖಾತ್ರಿಯಾಯಿತು. 1921ರಲ್ಲಿ ಪ್ರಕಟವಾದ ಈ ಕೆಲಸಕ್ಕೆ 1936ರಲ್ಲಿ ನೊಬೆಲ್ ಬಂತು. ಇಂಗ್ಲೆಂಡಿನ ಹೆನ್ರಿ ಡೇಲ್ ಅದನ್ನು ಹಂಚಿಕೊಂಡ. ದೂತನ ಹೆಸರು ಅಸಿಟೈಲ್‌ಕೋಲಿನ್. ಕೈಕಾಲು, ರೆಪ್ಪೆ, ಉಸಿರಾಟದ ಸ್ನಾಯುಗಳಿಗೂ ಇವನೇ ದೂತನೆಂದು ಡೇಲ್‌ನ ತಂಡ ತೋರಿಸಿಕೊಟ್ಟಿತು.

ನರದ ತುದಿಯಲ್ಲಿ ಈ ರಾಸಾಯನಿಕ ಪುಟ್ಟಪುಟ್ಟ ಪೊಟ್ಟಣಗಳಲ್ಲಿ ತುಂಬಿಕೊಂಡಿರುತ್ತದೆ. ಆಜ್ಞೆ ಬಂದೊಡನೆ ಪೊಟ್ಟಣ ಒಡೆಯುತ್ತದೆ, ದೂತ ಸಂದಿ ದಾಟಿ ಸ್ನಾಯುವಿನ ಮೇಲಿರುವ ಗ್ರಾಹಕವೆಂಬ ಬೀಗಕ್ಕೆ ಕೀಲಿಯಂತೆ ಕೂರುತ್ತದೆ, ಸ್ನಾಯು ಸೆಟೆಯುತ್ತದೆ. ಕೆಲಸ ಮುಗಿದ ದೂತನನ್ನು ಒಂದು ಕಿಣ್ವ ಆ ಕ್ಷಣವೇ ತುಂಡರಿಸುತ್ತದೆ. ಇಲ್ಲದಿದ್ದರೆ ಸಂದೇಶ ಮುಗಿಯುವುದೇ ಇಲ್ಲ. (ಹೊಲಕ್ಕೆ ಹೊಡೆಯುವ ಹಲವು ಕೀಟನಾಶಕಗಳು ಕೆಡಿಸುವುದು ಈ ಕಿಣ್ವವನ್ನೇ.)

ಈಗ ಹಾವಿನ ವಿಷಯಕ್ಕೆ ಬರೋಣ. ನಾಗರಹಾವಿನ ನರವಿಷ ಬೀಗದ ತೂತಿಗೆ ಮೇಣ ಮೆತ್ತಿದಂತೆ ಗ್ರಾಹಕದ ಮೇಲೆ ಕುಳಿತುಬಿಡುತ್ತದೆ. ಕಟ್ಟುಹಾವಿನ ವಿಷದಲ್ಲಿ ಇಂಥದ್ದೂ ಇದೆ, ಇದಕ್ಕಿಂತ ಕೆಟ್ಟದ್ದೂ ಇದೆ. ಆ ಎರಡನೆಯದು ನರದ ತುದಿಗೇ ಲಗ್ಗೆಯಿಟ್ಟು, ಪೊಟ್ಟಣಗಳನ್ನು ಬರಿದು ಮಾಡಿ, ತುದಿಯನ್ನೇ ಹಾಳುಗೆಡವುತ್ತದೆ. ತೈವಾನಿನ ಚಾಂಗ್ ಮತ್ತು ಲೀ 1963ರಲ್ಲಿ ಅಲ್ಲಿನ ಕಟ್ಟುಹಾವಿನಿಂದ ಈ ಎರಡೂ ಬಗೆಯ ವಿಷಗಳನ್ನು ಬೇರ್ಪಡಿಸಿದರು. ಅದರಿಂದ ವಿಜ್ಞಾನಕ್ಕೆ ಲಾಭವೇ ಆಯಿತು. ಗ್ರಾಹಕಕ್ಕೆ ಬಿಗಿಯಾಗಿ ಅಂಟುವ ಆ ವಿಷವನ್ನೇ ಗಾಳವಾಗಿಸಿಕೊಂಡು ಮುಂದೆ ಗ್ರಾಹಕವನ್ನು ಹಿಡಿದು ತೆಗೆದರು.

ಹುಡುಗನ ರೆಪ್ಪೆ, ಗಂಟಲು, ಕುತ್ತಿಗೆಗಳು ಮೊದಲು ಸೋಲುತ್ತವೆ. ಕೊನೆಗೆ ವಪೆ ಮತ್ತು ಪಕ್ಕೆಲುಬುಗಳ ಸ್ನಾಯುಗಳು ಸೋತು ಉಸಿರು ನಿಲ್ಲುತ್ತದೆ. ವಿಷ ಮಿದುಳಿನೊಳಗೆ ಸುಲಭವಾಗಿ ಹೋಗದು. ಆದ್ದರಿಂದಲೇ ಅವನಿಗೆ ಎಲ್ಲವೂ ಕೇಳುತ್ತಿರುತ್ತದೆ. ಹೃದಯ ತನ್ನ ಬಡಿತವನ್ನು ತಾನೇ ಹುಟ್ಟಿಸಿಕೊಳ್ಳುತ್ತದೆ, ಅಲ್ಲಿನ ಗ್ರಾಹಕಗಳೂ ಬೇರೆ ಬಗೆಯವು. ಅದು ಬಡಿಯುತ್ತಲೇ ಇರುತ್ತದೆ. ಅಂದರೆ ಹೊರಗಿನಿಂದ ಯಾರಾದರೂ ಉಸಿರು ಕೊಡುತ್ತಿದ್ದರೆ ಹುಡುಗ ಬದುಕುತ್ತಾನೆ. ದೊಡ್ಡ ಆಸ್ಪತ್ರೆಯಲ್ಲಿ ಅದಕ್ಕೆ ವೆಂಟಿಲೇಟರ್ ಇದೆ. ದಾರಿಯಲ್ಲಿ ಕೈಯಿಂದ ಒತ್ತುವ ರಬ್ಬರ್ ಚೀಲ ಸಾಕು. ಅದೂ ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಊದಬೇಕು.

ವಿಷನಿರೋಧಕ ಚುಚ್ಚುಮದ್ದು ರಕ್ತದಲ್ಲಿರುವ ವಿಷವನ್ನು ಹಿಡಿಯುತ್ತದೆ. ಈಗಾಗಲೇ ಹಾಳಾದ ನರತುದಿಯನ್ನು ರಿಪೇರಿ ಮಾಡದು. ಆದ್ದರಿಂದ ಗಂಟೆಗಳಲ್ಲ, ನಿಮಿಷಗಳೂ ಲೆಕ್ಕಕ್ಕೆ ಬರುತ್ತವೆ. ಕೊಯ್ಯುವುದು, ಹೀರುವುದು, ಹಗ್ಗ ಬಿಗಿಯುವುದು, ಮಂತ್ರಕ್ಕೆ ಕಾಯುವುದು ಎಲ್ಲವೂ ಸಮಯ ಹಾಳು. ನೆಲದಲ್ಲಿ ಮಲಗಿದ್ದವರಿಗೆ ಬೆಳಗಿನ ಜಾವ ಹೊಟ್ಟೆನೋವು ಬಂದು ರೆಪ್ಪೆ ಜೋತರೆ, ಗಾಯ ಕಾಣದಿದ್ದರೂ ಹಾವಿನ ಅನುಮಾನವನ್ನು ವೈದ್ಯರಿಗೆ ಹೇಳಬೇಕು. ಅಂಚು ಒಳಗೆ ಸಿಕ್ಕಿಸಿದ ಸೊಳ್ಳೆಪರದೆ ಈ ಹಾವಿಗೂ ಅಡ್ಡಿಯೇ.

2000ದಿಂದ 2019ರವರೆಗೆ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು 2020ರ ಒಂದು ಅಧ್ಯಯನ ಅಂದಾಜು ಮಾಡಿದೆ. ಅವರಲ್ಲಿ ಕಾಲುಭಾಗಕ್ಕಿಂತ ಹೆಚ್ಚಿನವರು ಹದಿನೈದು ದಾಟದ ಮಕ್ಕಳು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಗಳು ವರದಿ ಮಾಡಲೇಬೇಕೆಂದು ನಿಯಮ ಮಾಡಿತು. ತಡವಾಗಿಯಾದರೂ ಒಳ್ಳೆಯ ಕೆಲಸ.

ವೆಂಟಿಲೇಟರಿನಲ್ಲಿರುವ ಹುಡುಗ ನೋಡುವವರಿಗೆ ಹೆಣದಂತೆ ಕಾಣುತ್ತಾನೆ. ಕೈ ಅಲ್ಲಾಡದು, ಕಣ್ಣಿಗೆ ಬೆಳಕು ಬಿಟ್ಟರೆ ಪಾಪೆಯೂ ಕುಗ್ಗದಿರಬಹುದು. ‘ಇನ್ನು ಆಸೆ ಬಿಡಿ’ ಎಂದು ನೆಂಟರು ಮಂಚದ ಪಕ್ಕದಲ್ಲೇ ಮಾತಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ಒಳಗೆ ಹಾಳಾದ ನರತುದಿಗಳು ಮೆಲ್ಲಗೆ ಮತ್ತೆ ಚಿಗುರುತ್ತಿರುತ್ತವೆ. ಕೆಲವು ದಿನಗಳಾದ ಮೇಲೆ ಒಂದು ಬೆರಳು ಅಲ್ಲಾಡುತ್ತದೆ, ರೆಪ್ಪೆ ಕೂದಲೆಳೆಯಷ್ಟು ಏಳುತ್ತದೆ. ಹಾಗೆ ಎದ್ದು ಕುಳಿತ ಕೆಲವರು, ಮಲಗಿದ್ದಾಗ ಮಂಚದ ಸುತ್ತ ಯಾರು ಏನೆಂದರೆಂಬುದನ್ನು ಒಂದೊಂದಾಗಿ ಹೇಳಿದ್ದುಂಟು.